ಹಾಲುಕೋಣೆಯ ಹೊಸ್ತಿಲು

“ಇದು ಗಾಳಿಚೇಷ್ಟೆಯಲ್ಲ ಗೌಡರೇ, ಉಬ್ಬಸ. ಮೊದಲು ಕೂಸನ್ನು ಹೊಗೆಯಿಂದ ದೂರ ಇಡಿ. ಆಮೇಲೆ ಹಾಲಿಲ್ಲದ ಗಟ್ಟಿ ಕಾಫಿ ಒಂದೊಂದೇ ಗುಟುಕು ಕುಡಿಸಿ,” ಎಂದು ಕೂನೂರಿನ ಡಾಕ್ಟರು ಪುಟ್ಟ ಮಾತಿಯ ಬೆನ್ನಿನಿಂದ ಉಸಿರು ಆಲಿಸುವ ಕೊಳವೆ ತೆಗೆದಾಗ ಜೋಗಿ ಗೌಡರು ಒಲೆಯತ್ತ ತಿರುಗಿ ನೋಡಿದರು. ಬೆಚ್ಚಗಿರಲಿ ಎಂದು ಮೊಮ್ಮಗಳನ್ನು ಒಲೆಯ ಪಕ್ಕ ಮಲಗಿಸಿ, ಹಸಿ ಸೌದೆ ಒಟ್ಟಿದವರು ಅವರೇ.

ಹೊರಗೆ ಹುಬ್ಬತಲೈ ಊರಿನ ಚಳಿಮಳೆ. ಮನೆಯೊಳಗೆ ಹೊಗೆ ಮುಟ್ಟದ ಜಾಗವೆಂದರೆ ಹಾಲುಕೋಣೆ ಒಂದೇ. ಗೌಡರು ದಿನವೂ ಮಿಂದು, ಕುಲದೇವಿ ಹೆತ್ತೆಯನ್ನು ನೆನೆದು ಹಾಲಿಡುವ ಆ ಕೋಣೆಗೆ ಹೆಣ್ಣುಮಕ್ಕಳು ಕಾಲಿಟ್ಟದ್ದಿಲ್ಲ. ಮಾತಿಯ ಎದೆ ಸಿಳ್ಳೆಯಂತೆ ಕೂಗುತ್ತಿತ್ತು. ಗೌಡರು ಅವಳನ್ನೆತ್ತಿಕೊಂಡು ಆ ಬಾಗಿಲನ್ನೇ ದಾಟಿ, ಹಾಲಿನ ಗಡಿಗೆಗಳ ಬದಿಯಲ್ಲಿ ಕಂಬಳಿ ಹಾಸಿ ಕೂರಿಸಿದರು.

“ಅವ್ವೆ ಬೇಕು,” ಎಂದು ಕೂಸು ಅಳತೊಡಗಿತು. ಅತ್ತಷ್ಟೂ ಉಸಿರು ಸಿಕ್ಕಿಕೊಂಡಿತು.

ಕಾಫಿಯ ಲೋಟ ಹಿಡಿದು ಬಂದ ಸೊಸೆ ಮಲ್ಲಿ ಹೊಸ್ತಿಲಾಚೆಯೇ ನಿಂತು ಕೈ ಚಾಚಿದಳು. “ತಕ್ಕೊಳ್ಳಿ ಮಾಮ. ನಾ ಇಲ್ಲೇ ಕುಂತು ಮಾತಾಡ್ತೀನಿ. ನನ್ನ ದನಿ ಕೇಳಿದ್ರೆ ಸುಮ್ಮನಾಗ್ತಾಳೆ.”

ಗೌಡರು ಲೋಟ ತೆಗೆದುಕೊಳ್ಳಲಿಲ್ಲ. ಗಡಿಗೆಗಳಿಗೆ ಒಮ್ಮೆ ಕೈಮುಗಿದರು. ಆಮೇಲೆ ಕಂಬಳಿಯ ಮೇಲೆ ತಾವು ಕುಳಿತಿದ್ದ ಜಾಗವನ್ನು ಬಿಟ್ಟು ಅತ್ತ ಸರಿದರು.

“ಹೆತ್ತೆಯೂ ಹೆಣ್ಣೇ ಅಲ್ವಾ ಮಗಳೇ,” ಎಂದರು. “ಕಾಫಿ ಆರೋಗುತ್ತೆ. ಒಳಗೆ ಬಾ.”