ಐವತ್ತೆರಡರಲ್ಲೊಂದು ವಾರ

"ಅಮ್ಮಾವ್ರನ್ನ ಎಬ್ಬಿಸಿ ಯಜಮಾನ್ರೇ," ಎಂದ ಮನೆ ಕಾಯುವವನು, ಬಾಗಿಲಾಚೆ ನಿಂತೇ. "ಏಳು ಗಂಟೆ ಆಯ್ತು. ಬೆಡ್‌ಶೀಟು, ಹೊದಿಕೆ, ದಿಂಬಿನ ಕವರು ಎಲ್ಲಾ ಒಗೆದು, ಒಣಗಿಸಿ, ಮಡಿಸಿಟ್ಟೇ ಹೋಗ್ಬೇಕು. ಹನ್ನೊಂದಕ್ಕೆ ಮುಂದಿನ ವಾರದೋರು ಬಂದ್ಬಿಡ್ತಾರೆ."

"ಸ್ವಲ್ಪ ಮೆಲ್ಲಗೆ," ಎಂದು ಗಡಿಯಾರ ರಿಪೇರಿಯವನು ಬಾಗಿಲನ್ನು ಅರ್ಧ ಮುಚ್ಚಿ ಹೊರಗೆ ಬಂದ. "ನಾವೇ ಒಗೀಬೇಕು ಅಂತ ಯಾರೂ ಹೇಳ್ಲಿಲ್ವಲ್ಲ?"

"ಹೇಳೋದೇನು? ನೀವು ಸಹಿ ಹಾಕಿದ ಪತ್ರದ ಮೂರನೇ ಪುಟದಲ್ಲೇ ಇದೆ. ಅದಕ್ಕೇ ಅಲ್ವೇ ಇಷ್ಟು ಅಗ್ಗಕ್ಕೆ ಸಿಕ್ಕಿದ್ದು?"

ಸಾಸಿವೆ ಕಾಳಿಗಿಂತ ಸಣ್ಣ ತಿರುಪು ನೆಲಕ್ಕೆ ಬಿದ್ದರೂ ಹುಡುಕಿ ತೆಗೆಯುವ ಮನುಷ್ಯ ತನ್ನದೇ ಪತ್ರದ ಮೂರನೆಯ ಪುಟ ಓದಿರಲಿಲ್ಲ. ಓದುವ ವ್ಯವಧಾನವಾದರೂ ಎಲ್ಲಿತ್ತು? ಕಡಲು ಕಾಣುವ ಒಂದು ಪುಟ್ಟ ಮನೆ, ಅದಕ್ಕೆ ಐವತ್ತೆರಡು ಜನ ಒಡೆಯರು, ವರ್ಷಕ್ಕೊಂದು ವಾರ ಒಬ್ಬೊಬ್ಬರ ಪಾಲು. ಟೈಮ್‌ಶೇರ್ ಎಂದರೆ ಇಷ್ಟೇ ಎಂದು ಕಂಪನಿಯವರು ಹೇಳಿದ್ದೇ ತಡ, ಸಹಿ ಹಾಕಿ ಮನೆಗೆ ಓಡಿ ಬಂದಿದ್ದ. "ಇಷ್ಟು ವರ್ಷ ಊರೋರ ಗಡಿಯಾರ ಸರಿ ಮಾಡಿದ್ದಾಯ್ತು. ಈಗ ನಿಂಗೆ ಅಂತ ಒಂದು ವಾರ ಕೊಂಡ್ಕೊಂಡಿದೀನಿ. ಆ ಏಳು ದಿನ ನೀನು ಒಂದು ಬೆಡ್‌ಶೀಟನ್ನೂ ಮುಟ್ಟಬಾರ್ದು," ಎಂದು ಹೆಂಡತಿಗೆ ಮಾತು ಕೊಟ್ಟಿದ್ದ.

ಆಕೆಗೆ ದೊಡ್ಡಾಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ. ಇಪ್ಪತ್ತೇಳು ವರ್ಷದಿಂದ ನಸುಕಿನ ನಾಲ್ಕಕ್ಕೆ ಎದ್ದು ಮೊದಲ ಪಾಳಿಗೆ ಹೋಗುವುದು, ನೂರಾರು ಬೆಡ್‌ಶೀಟು ಒಗೆದು ಮಡಿಸುವುದು. ಒಂದೊಂದನ್ನು ಮಡಿಸುವಾಗಲೂ ತುಟಿಯಲ್ಲೇ ದೇವರಿಗೊಂದು ಮಾತು ಹೇಳುವಳು: 'ಇದರ ಮೇಲೆ ಮಲಗೋರು ಬೇಗ ಏಳಲಿ.' ಬೆರಳ ಸಂದಿಯೆಲ್ಲ ಬಟ್ಟೆ ಒಗೆಯುವ ಸೋಡಾ ತಿಂದು ಬಿರುಕು ಬಿಟ್ಟಿತ್ತು. ಇಲ್ಲಿಗೆ ಬಂದ ಮೇಲೂ ಆರು ದಿನ ನಾಲ್ಕಕ್ಕೇ ಎದ್ದು ಕೂತಿದ್ದಳು. ಕಡಲಿಗೆ ಕೈ ಮುಗಿದಾದ ಮೇಲೆ ಆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಈ ಏಳನೆಯ ದಿನ ಮಾತ್ರ ಅಲೆಯ ಸದ್ದಿಗೂ ಏಳಲಿಲ್ಲ, ಕೆನ್ನೆಗೆ ಬಿದ್ದ ಬಿಸಿಲಿಗೂ ಏಳಲಿಲ್ಲ. ದೇವರೇ ಮನಸ್ಸು ಮಾಡಿ ಕೊಟ್ಟ ನಿದ್ದೆ. ಅದನ್ನು ಕಿತ್ತುಕೊಳ್ಳಲು ತಾನು ಯಾರು?

"ಎಬ್ಬಿಸಲ್ಲ," ಎಂದ. "ತೊಟ್ಟಿ ಎಲ್ಲಿದೆ ತೋರ್ಸಿ, ನಾನೇ ಒಗೀತೀನಿ."

"ಅವರು ಮಲಗಿರೋ ಬೆಡ್‌ಶೀಟು?"

"ಅದು ಕೊನೇಗೆ."

ಕಾಯುವವನು ಅವನ ನುಣುಪು ಬೆರಳುಗಳನ್ನೊಮ್ಮೆ ನೋಡಿದ. "ನಿಮ್ಮ ವಾರ, ನಿಮ್ಮ ಪಾಡು," ಎಂದು ಸೋಪು ಕೊಟ್ಟು ಹೋದ.

ಗಡಿಯಾರದ ಎಳೆಯಂಥ ಸ್ಪ್ರಿಂಗು ಎತ್ತುವ ಜೋಪಾನದಲ್ಲಿ ಅವನು ಹೆಂಡತಿಯ ಮೇಲಿನ ಹೊದಿಕೆ ತೆಗೆದು, ತನ್ನ ಕೋಟು ಹೊದಿಸಿದ. ಒಂದು ದಿಂಬಿನ ಕವರಿಗೇ ಅರ್ಧ ಗಂಟೆ ಹಿಡಿಯಿತು. ಇಲ್ಲದ ಕಲೆಯನ್ನೂ ಹುಡುಕಿ ಉಜ್ಜಿದ. ಹೊದಿಕೆ ನೀರು ಕುಡಿದು ಎಮ್ಮೆಕರುವಿನಷ್ಟು ಭಾರವಾಗಿ, ಹಿಂಡಲು ಹೋದರೆ ಅವನನ್ನೇ ಹಿಂಡಿತು. ಅಂತೂ ಅದನ್ನು ಹಗ್ಗಕ್ಕೆ ಏರಿಸುವಷ್ಟರಲ್ಲಿ ಬೆನ್ನ ಹಿಂದೆ ದನಿ ಕೇಳಿತು.

"ರೀ, ಇದನ್ನ ಒಗೆದಿದೀರೋ, ಬರೀ ಹೆದರ್ಸಿದೀರೋ?"

ಹೆಗಲ ಮೇಲೆ ಅವನ ಕೋಟು, ಕೆನ್ನೆಯ ಮೇಲೆ ದಿಂಬಿನ ಗೆರೆ. ಅವನು ತಲೆ ತಗ್ಗಿಸಿ ಮೂರನೆಯ ಪುಟದ ಕಥೆ ಹೇಳಿದ. "ಕೊಟ್ಟ ಮಾತು ನೀರಲ್ಲಿ ಹೋಯ್ತು. ಬೈಯೋದಿದ್ರೆ ಬೈದ್ಬಿಡು."

ಆಕೆ ಬೈಯಲಿಲ್ಲ. "ನಾನು ಎದ್ದಾಗ ಗಂಟೆ ಎಷ್ಟು?"

"ಒಂಬತ್ತಕ್ಕೆ ಐದು ನಿಮಿಷ."

"ಒಂಬತ್ತು," ಎಂದಳು ಆಕೆ, ತಾನೆಂದೂ ನೋಡದ ಊರಿನ ಹೆಸರು ಹೇಳುವಂತೆ. ಆಮೇಲೆ ಮಂಚದ ಬೆಡ್‌ಶೀಟನ್ನು ಅವನೇ ಎಳೆದು ತರಲಿ ಎಂದು ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಅಂಚು ಮೊದಲು ಉಜ್ಜಿ. ಹಾಂ, ಹಾಗೆ. ಮುಂದಿನ ವಾರದ ಓರಗಿತ್ತಿ ನನ್ನ ಹೆಸರಿಗೆ ಮಸಿ ಬಳೀಬಾರ್ದು ನೋಡಿ."

"ಓರಗಿತ್ತಿ ಎಲ್ಲಿಂದ ಬಂದ್ಲು?"

"ಒಂದೇ ಮನೆ ಹಂಚ್ಕೊಂಡೋರು ಇನ್ನೇನಾಗ್ಬೇಕು? ಐವತ್ತೊಂದು ಜನ ಓರಗಿತ್ತೀರು, ಒಂದು ಜಗಳ ಇಲ್ಲ. ಒಬ್ಬರ ಮುಖ ಒಬ್ಬರು ನೋಡಲ್ಲ, ಅದಕ್ಕೆ."

ಕಡಲ ಗಾಳಿ ಕರುಣೆಯುಳ್ಳದ್ದು; ಹತ್ತೂಮುಕ್ಕಾಲಿಗೆ ಎಲ್ಲ ಒಣಗಿತ್ತು. ಆದರೆ ಜೋಡಿ ಮಂಚದ ಬೆಡ್‌ಶೀಟನ್ನು ಒಂಟಿಯಾಗಿ ಮಡಿಸುವ ವಿದ್ಯೆ ಅವನಿಗಿರಲಿಲ್ಲ. ಒಂದು ತುದಿ ಗಲ್ಲದ ಕೆಳಗೆ ಸಿಕ್ಕಿಸಿಕೊಂಡರೆ ಇನ್ನೊಂದು ತುದಿ ಮರಳು ಗುಡಿಸುತ್ತಿತ್ತು. ಅವನು ಪೆಚ್ಚಾಗಿ ಮೆಟ್ಟಿಲ ಕಡೆ ನೋಡಿದ. ಆಕೆ ಎದ್ದು ಬಂದು ಎರಡು ತುದಿ ಹಿಡಿದಳು. ಒಂದು ಮಡಿಕೆ, ಇನ್ನೊಂದು ಮಡಿಕೆ. ಮಡಿಕೆಗೊಮ್ಮೆ ಇಬ್ಬರೂ ಹತ್ತಿರ ಬರುತ್ತಿದ್ದರು. ಕೊನೆಯ ಮಡಿಕೆಯಲ್ಲಿ ಆಕೆಯ ತುಟಿ ಅಲುಗಿದ್ದನ್ನು ಅವನು ಕಂಡ.

"ಇಲ್ಲೂ ಬೇಗ ಏಳ್ಲಿ ಅಂದ್ಯಾ?"

ಆಕೆ ಬೆಡ್‌ಶೀಟಿನ ಮೇಲೆ ಒಮ್ಮೆ ಅಂಗೈ ಆಡಿಸಿದಳು.

"ಇಲ್ಲ," ಎಂದಳು. "ಇದರ ಮೇಲೆ ಮಲಗೋರು ತಡವಾಗಿ ಏಳ್ಲಿ ಅಂದೆ."