ಇಬ್ಬರೂ ಕೇಳುವ ಹಾಡು

ವೇದಿಕೆಯ ಮೇಲೆ ತಬಲದವನು ಪುಟ್ಟ ಸುತ್ತಿಗೆಯಲ್ಲಿ ಕುಟ್ಟಿ ಕುಟ್ಟಿ ಶ್ರುತಿ ಸರಿಮಾಡಿಕೊಳ್ಳುತ್ತಿದ್ದ. ಹಾಡು ಶುರುವಾಗುವುದಕ್ಕೆ ಇನ್ನೂ ಹೊತ್ತಿತ್ತು. ಅಷ್ಟರೊಳಗೇ ಚಲುವಯ್ಯನ ತಲೆ ಹೆಂಡತಿ ಸುನಂದಮ್ಮನ ಹೆಗಲ ಮೇಲೆ ಬಿತ್ತು. ಅವಳು ಹೆಗಲು ಕೊಡವಿದಳು. ಅವನು ಮರಳಿನ ಮೇಲೆ ಹಾಸಿದ್ದ ಜಮಖಾನದಲ್ಲೇ ಪಕ್ಕಕ್ಕೆ ಉರುಳಿ, ಟವಲ್ಲನ್ನು ಮುಖಕ್ಕೆ ಎಳೆದುಕೊಂಡ.

“ಬುಡಕ್ಕ, ಮಲಗ್ಲಿ ಪಾಪ,” ಅಂದಳು ಪಕ್ಕದಲ್ಲಿ ಕೂತಿದ್ದ ಪುಟ್ಟಮಲ್ಲಮ್ಮ. “ನಮ್ ಯಜಮಾನ್ರು ಬಸ್ಸಿಂದ ಇಳೀನೇ ಇಲ್ಲ. ಅಲ್ಲೇ ಗೊರ್ಕೆ ಒಡೀತಾವ್ರೆ.”

“ಮಲಗಕ್ಕೆ ಇಷ್ಟ್ ದೂರ ಬರ್ಬೇಕಿತ್ತಾ?”

ಬೆಟ್ಟದಪುರದ ಮಹಿಳಾ ಸಂಘದವರು ಗಂಡಂದಿರನ್ನೂ ಹತ್ತಿಸಿಕೊಂಡು, ಬಸ್ಸು ಮಾಡಿಕೊಂಡು, ಘಟ್ಟ ಇಳಿದು ಮಂಗಳೂರಿನ ಕಡಲ ದಂಡೆಯ ಕಲಾ ಉತ್ಸವಕ್ಕೆ ಬಂದಿದ್ದರು. ಬಸ್ಸು ಅವರನ್ನು ತಂದು ಸುರಿದಿತ್ತು ಎಂದರೂ ನಡೆದೀತು. ಊರಲ್ಲಿ ಹೊಗೆಸೊಪ್ಪು ಬೇಯಿಸುವ ಕೆಲಸ ಮೊನ್ನೆ ತಾನೇ ಮುಗಿದಿತ್ತು. ಸೊಪ್ಪು ಬೇಯಿಸುವ ಮನೆಗೆ, ಅಂದರೆ ಬ್ಯಾರನ್ನಿಗೆ, ಒಮ್ಮೆ ಬೆಂಕಿ ಹಾಕಿದರೆ ಹಗಲೂ ರಾತ್ರಿ ಯಾರಾದರೊಬ್ಬರು ಕಾಯುತ್ತಲೇ ಇರಬೇಕು. ಉರಿ ಏರಿದರೂ ಸೊಪ್ಪು ಕೆಟ್ಟಿತು, ಇಳಿದರೂ ಕೆಟ್ಟಿತು. ಹಾಗೆ ತಿಂಗಳುಗಟ್ಟಲೆ ಕಾದವರು ಇವರೆಲ್ಲ. ಹಸಿವು ರುಚಿ ಕಾಣದು, ನಿದ್ದೆ ಸುಖ ಕಾಣದು ಅನ್ನುತ್ತಾರಲ್ಲ, ನಿದ್ದೆ ಸಮುದ್ರವನ್ನೂ ಕಾಣದು ಎಂದು ಅವತ್ತು ಗೊತ್ತಾಯಿತು.

ಸುನಂದಮ್ಮನಿಗೂ ಸುಸ್ತೇ. ಆದರೆ ಅವಳಿಗೊಂದು ಆಸೆಯಿತ್ತು. ಇವತ್ತು ಹಾಡಲಿದ್ದ ಗಾಯಕಿಯ ದನಿಯನ್ನು ಅವಳು ಬ್ಯಾರನ್ನಿನ ಮುಂದೆ ಕೂತು ರೇಡಿಯೋದಲ್ಲಿ ಎಷ್ಟೋ ವರ್ಷಗಳಿಂದ ಕೇಳುತ್ತಿದ್ದಳು. ಆಗೆಲ್ಲ ಗಂಡ ಮಲಗಿರುತ್ತಿದ್ದ. ಅವನೆದ್ದು ಬಂದರೆ ಇವಳು ಮಲಗಲು ಹೋಗುತ್ತಿದ್ದಳು. ಬೆಳಿಗ್ಗೆ, “ಆ ಹಾಡು ಚೆನ್ನಾಗಿತ್ತು ಕಣ್ರೀ,” ಎಂದರೆ ಅವನು ಹೂಂ ಅನ್ನುತ್ತಿದ್ದ. ಆ ಹೂಂ ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ಇಬ್ಬರೂ ಎಚ್ಚರವಾಗಿದ್ದು, ಪಕ್ಕ ಪಕ್ಕ ಕೂತು, ಒಂದೇ ಒಂದು ಹಾಡು ಕೇಳಬೇಕು. ಅಷ್ಟಕ್ಕೇ ಅವನನ್ನು ಬಲವಂತ ಮಾಡಿ ಹೊರಡಿಸಿಕೊಂಡು ಬಂದಿದ್ದಳು.

“ಅಲ್ಲಿ ಕ್ಯಾಸೆಟ್ ಮಾರ್ತಾವ್ರೆ,” ಅಂದಳು ಪುಟ್ಟಮಲ್ಲಮ್ಮ. “ಒಂದ್ ತಗಂಡೋಗು. ಅಳ್ಳೀಲಿ ಇಬ್ರೂ ಕುಂತ್ಕಂಡು ಕೇಳೀರಂತೆ.”

“ಅಳ್ಳೀಲಿ ನಾವಿಬ್ರೂ ಒಟ್ಗೆ ಕುಂತಿದ್ದ ಯಾವತ್ ನೋಡಿದ್ದೀಯವ್ವ ನೀನು?”

ಗಾಯಕಿ ವೇದಿಕೆಗೆ ಬಂದರು. ಚಪ್ಪಾಳೆ ಬಿತ್ತು. ಸುನಂದಮ್ಮ ಗಂಡನ ಭುಜ ಹಿಡಿದು ಅಲ್ಲಾಡಿಸಿದಳು. ಚಲುವಯ್ಯ ಬೆಚ್ಚಿಬಿದ್ದು ಎದ್ದು ಕೂತು, “ಉರಿ ಎಷ್ಟೈತೆ?” ಎಂದು ಗಟ್ಟಿಯಾಗಿ ಕೇಳಿದ. ಮುಂದೆ ಕೂತವರು ತಿರುಗಿ ನೋಡಿದರು. ಯಾವುದೋ ಹುಡುಗಿ ಕಿಸಕ್ಕನೆ ನಕ್ಕಳು.

“ಮಂಗ್ಳೂರ್ ಕಣ್ರೀ ಇದು,” ಎಂದಳು ಸುನಂದಮ್ಮ ಮೆಲ್ಲಗೆ. ನಾಚಿಕೆಯೂ ಆಯಿತು, ಅಯ್ಯೋ ಅಂತಲೂ ಅನ್ನಿಸಿತು.

“ಕಣ್ ಅಂಟ್ಕಬುಡ್ತು ಕಣೇ. ತಡಿ, ಮಕ ತೊಳ್ಕಂಡ್ ಬತ್ತೀನಿ.”

ನಲ್ಲಿ ಎಲ್ಲಿದೆ ಎಂದು ಯಾರನ್ನೂ ಕೇಳದೆ ನೇರ ಸಮುದ್ರಕ್ಕೇ ಹೋಗಿ, ಕೆರೆಯಲ್ಲಿ ತೊಳೆದುಕೊಳ್ಳುವ ಹಾಗೆ ಎರಡು ಬೊಗಸೆ ನೀರು ಮುಖಕ್ಕೆ ಎರಚಿಕೊಂಡ. ಉಪ್ಪು ಕಣ್ಣಿಗೆ ಇಳಿದು ಧಗಧಗ ಉರಿಯಿತು. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು, ಇನ್ನು ನಿದ್ದೆಯ ಭಯವಿರಲಿಲ್ಲ. ವಾಪಸು ಬಂದು ಚಕ್ಕಳಮಕ್ಕಳ ಹಾಕಿ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತ.

ಗಣಪತಿಯ ಸ್ತುತಿ ಮೊದಲಾಯಿತು. ಇದಾದ ಮೇಲೆ ರೇಡಿಯೋದ ಹಾಡುಗಳು ಎಂದು ಮೈಕಿನಲ್ಲಿ ಹೇಳಿದ್ದರು. ಸುನಂದಮ್ಮ ಓರೆಗಣ್ಣಿನಲ್ಲಿ ನೋಡಿದಳು. ಗಂಡ ನೀರು ಸುರಿಯುವ ಕಣ್ಣುಗಳನ್ನು ಅಗಲ ತೆರೆದು ವೇದಿಕೆಯನ್ನೇ ದಿಟ್ಟಿಸುತ್ತಿದ್ದ. ಅವಳಿಗೆ ತುಂಬ ಸಂತೋಷವಾಯಿತು. ಅವನು ಎಚ್ಚರವಿದ್ದಾನೆ ಎಂದು ಖಾತ್ರಿಯಾದ ಮೇಲೆ ಅವಳ ಮೈ ಸಡಿಲವಾಯಿತು. ಕಡಲ ಗಾಳಿ ತಣ್ಣಗೆ ಬೀಸುತ್ತಿತ್ತು. ಒಂದು ಆಕಳಿಕೆ ಬಂತು.

ಚಲುವಯ್ಯ ಅದನ್ನು ಕಂಡ. “ನೀನ್ ವಸಿ ಒರಗ್ಕೊ. ನಾನ್ ಕುಂತಿರ್ತೀನಿ,” ಅಂದ.

ಅದು ಬ್ಯಾರನ್ನಿನ ಮುಂದೆ ದಿನಾ ಆಡುವ ಮಾತು. ಅವನು ಅಂದರೆ ಇವಳು ಮಲಗಬೇಕು, ಇವಳು ಅಂದರೆ ಅವನು. ಬೇಡ, ಹಾಡು ಕೇಳಬೇಕು ಎಂದು ಹೇಳೋಣ ಅಂದುಕೊಳ್ಳುವಷ್ಟರಲ್ಲಿ ಸುನಂದಮ್ಮನ ಮೈ ಜಮಖಾನದ ಮೇಲಿತ್ತು. ಸೆರಗು ತಾನಾಗಿಯೇ ಮುಖದ ಮೇಲೆ ಬಂದಿತ್ತು.

ಅವಳು ಕಣ್ಣು ಬಿಟ್ಟಾಗ ಹೊತ್ತು ಕಡಲಿಗೆ ಇಳಿದಿತ್ತು. ಮೈಕಿನವರು ವೈರು ಸುತ್ತುತ್ತಿದ್ದರು. ದೂರದಲ್ಲಿ ಊರಿನ ಬಸ್ಸು ಹಾರನ್ ಹೊಡೆಯುತ್ತಿತ್ತು, ಪುಟ್ಟಮಲ್ಲಮ್ಮ ಆ ಕಡೆಗೆ ನಡೆಯುತ್ತಿದ್ದಳು. ಚಲುವಯ್ಯ ಮಾತ್ರ ಬೆನ್ನು ಬಗ್ಗಿಸದೆ ಅಲ್ಲೇ ಕೂತಿದ್ದ.

“ಮುಗೀತಾ?”

“ಆಗ್ಲೇ ಮುಗೀತು. ಭಾಳ ಹೊತ್ತು ಹಾಡುದ್ರು.”

“ನೀವಾದ್ರೂ ಕೇಳುದ್ರಾ?”

“ಎಲ್ಲಿ ಕೇಳದು? ಎಲ್ಲಿ ನಿದ್ದೆ ಬಂದ್ಬುಟ್ಟಾತೋ ಅಂತ ತೊಡೆ ಚೂಟ್ಕಂಡು ಕುಂತಿದ್ದೆ.”

ಸುನಂದಮ್ಮ ದಡಕ್ಕನೆ ಎದ್ದು ಕೂತಳು. “ನನ್ನ ಎಬ್ಬಿಸ್ಬಾರ್ದಾಗಿತ್ತಾ?”

ಚಲುವಯ್ಯ ಅವಳ ಸೆರಗಿಗೆ ಮೆತ್ತಿದ್ದ ಮರಳನ್ನು ಕೊಡವುತ್ತ ಅಂದ, “ನಿನ್ ಸರದಿ ಇನ್ನೂ ಬಂದಿರ್ನಿಲ್ವಲ್ಲ ಕಣೇ.”