ಬ್ಯಾಟರಿ ಅಂಗಡಿಯ ಗೋಡೆ

"ಕಾಕಾ, ಹೊರಗ ಬಾ!" ಮರಿಲಿಂಗ ಅಂಗಡಿಯ ಶಟರಿಗೆ ಗುದ್ದಿದ. "ನನ್ನ ಕರು ಬೆಳ್ಳಿಗಿ ಸೀಸ ತಿನ್ನಿಸೀದಿ!"

ಹಾಶಿಮ ಚಹಾದ ಬಸಿ ಹಿಡಿದುಕೊಂಡೇ ಬಂದ. ಸಗರ ಊರಿನ ಅರ್ಧ ಟ್ರ್ಯಾಕ್ಟರುಗಳು ಇವನು ಬಿಚ್ಚಿ ಜೋಡಿಸಿದ ಬ್ಯಾಟರಿಯ ಮೇಲೆಯೇ ಓಡುತ್ತವೆ. ಅವನ ಅಂಗಡಿಗೂ ಮರಿಲಿಂಗನ ಕೊಟ್ಟಿಗೆಗೂ ನಡುವೆ ಇರುವುದು ಒಂದೇ ಗೋಡೆ.

"ನಾ ಯಾಕ ತಿನ್ನಿಸಲಿ ತಮ್ಮಾ? ನಿಮ್ಮವ್ವ ನನಗ ದಿನಾ ಮಜ್ಜಿಗಿ ಕೊಡ್ತಾಳ."

"ಮಜ್ಜಿಗಿ ಕುಡದು ಸೀಸ ಉಗುಳ್ತಿ!"

ಸೀಸ ಎಂಬ ಮಾತನ್ನು ಮರಿಲಿಂಗ ಕಲಿತು ಹತ್ತು ನಿಮಿಷವೂ ಆಗಿರಲಿಲ್ಲ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನಿಗೆ ಹೊಸ ಮಾತು ಸಿಕ್ಕರೆ ಹೊಸ ಬಾರುಕೋಲು ಸಿಕ್ಕಂತೆ, ಒಮ್ಮೆ ಬೀಸಿ ನೋಡದೆ ಇರಲಾರ. ದನದ ಡಾಕ್ಟರ್ ಪಂಚಶೀಲಾ ಶಹಾಪುರದಿಂದ ಫೋನ್ ಮಾಡಿದ್ದರು. ಕರುವಿನ ರಕ್ತದಲ್ಲಿ ಸೀಸ ಬಹಳ ಇದೆ. ಹಲ್ಲು ಕಡಿಯುವುದು, ಗೋಡೆಗೆ ಹಣೆ ಒತ್ತಿ ನಿಲ್ಲುವುದು, ಕಣ್ಣು ಕಾಣದಂತಾದದ್ದು, ಎಲ್ಲಕ್ಕೂ ಅದೇ ಕಾರಣ. ಸೀಸ ಎಲ್ಲಿಂದ ಬರ್ತದ್ರಿ ಎಂದು ಕೇಳಿದರೆ "ಬ್ಯಾಟರಿ" ಎಂದರು. ಇನ್ನೂ ಏನೋ ಹೇಳುತ್ತಿದ್ದರು. ಅಷ್ಟರಲ್ಲಿ ಮರಿಲಿಂಗ ಫೋನ್ ಜೇಬಿಗೆ ತುರುಕಿ ಚಪ್ಪಲಿ ಹುಡುಕತೊಡಗಿದ್ದ.

"ಕರು ಅಷ್ಟೇ ಅಲ್ಲ," ಎಂದ ಈಗ. "ಕೆಂದನ ಕೊಂಬಿನ ಬಣ್ಣಾನೂ ನಿನ್ನ ಆಸಿಡ್ ಹೊಗಿ ತಿಂದದ. ಕಾರಹುಣ್ಣಿಮಿಯಿಂದ ಮೂರು ಸಲ ಬಳದೀನಿ."

ಕೆಂದ ಅವನ ಎತ್ತು. ಅದರ ಕೊಂಬಿನ ಕೆಂಪು ಇಡೀ ಊರಲ್ಲಿ ಹೆಸರುವಾಸಿ. ತುಕ್ಕು ಹಿಡಿಯಬಾರದೆಂದು ಅಪ್ಪ ಹಿಂದೊಮ್ಮೆ ಕಬ್ಬಿಣದ ಗೇಟಿಗೆ ಬಳಿದು ಉಳಿಸಿಟ್ಟ ಬಣ್ಣದ ಡಬ್ಬಿ ಅದು. ಈಗಿನ ಡಬ್ಬಿಗಳಲ್ಲಿ ಆ ಹೊಳಪು ಎಲ್ಲಿ ಬರಬೇಕು?

"ಹೊಗಿ ಕೊಂಬು ತಿಂದ್ರ, ನನ್ನ ಆಡು ಯಾಕ ಬಿಟ್ಟದ?" ಹಾಶಿಮ ಅಂಗಡಿಯೊಳಗೆ ಕೈ ತೋರಿಸಿದ. ಅವನ ಆಡು ಹಳೇ ಬ್ಯಾಟರಿಯೊಂದರ ಮೇಲೆ ಕೊಬ್ಬಿದ ಸಾಹುಕಾರನಂತೆ ನಿಂತಿತ್ತು.

ಮರಿಲಿಂಗ ಆಡಿನತ್ತ ನೋಡಲೇ ಇಲ್ಲ. ದನಿ ಇನ್ನಷ್ಟು ಏರಿಸಿದ.

ಸಂಜೆ ಡಾಕ್ಟರ್ ಬಂದರು. ಬೆಳ್ಳಿಗೆ ಇಂಜೆಕ್ಷನ್ ಕೊಟ್ಟರು. ಐದು ತಿಂಗಳ ಕರು. ತಾಯಿ ಹಸು ಹಾವು ಕಡಿದು ಸತ್ತ ಮೇಲೆ ಮರಿಲಿಂಗನೇ ಬಾಟಲಿಯಲ್ಲಿ ಹಾಲು ಕುಡಿಸಿ ಉಳಿಸಿಕೊಂಡಿದ್ದ. ಊರ ಮೇಲೆಲ್ಲ ಹಾರಾಡುವವನು ಅದರ ಮುಂದೆ ಮಾತ್ರ ಬೆಣ್ಣೆ.

"ಅದೇ ನೀರು, ಅದೇ ಮೇವು. ಎತ್ತಿಗಿ ಯಾಕ ಏನೂ ಆಗಿಲ್ರಿ?" ಅವನ ತಾಯಿ ಹಣಮಮ್ಮ ಕೇಳಿದಳು.

"ಎಳೀ ಹೊಟ್ಟಿ ಸೀಸಾನ ಅರಿವಿ ನೀರು ಹೀರಿದಂಗ ಹೀರ್ತದವ್ವ. ಬೆಳದ ದನ ಬಹಳಷ್ಟು ಸಗಣ್ಯಾಗ ಹಾಕ್ತದ. ಅದರಾಗ ಮೈಯಾಗ ಉಪ್ಪು, ಸುಣ್ಣದಂಶ ಕಡಿಮಿ ಇದ್ದ ಕರು ಕಂಡದ್ದೆಲ್ಲ ನೆಕ್ಕತದ. ಇದು ಏನೇನು ನೆಕ್ಕತದ?"

"ಗ್ವಾಡಿ ನೆಕ್ಕತದ್ರಿ, ನನ್ನ ಸೀರಿ ನೆಕ್ಕತದ, ಇವನ ಕೈ ನೆಕ್ಕತದ. ಒಂದ್ ಹಿಡಿ ಉಪ್ಪು ಹಾಕೋ ಅಂತ ಬಡ್ಕೋತೀನಿ. ಇವಗ ಎತ್ತಿನ ಸಿಂಗಾರಕ್ಕ ಪುರಸೊತ್ತು ಅದ, ಇದಕ್ಕಿಲ್ಲ."

"ಗ್ವಾಡಿ!" ಮರಿಲಿಂಗ ಎಗರಿದ. "ಕೇಳಿದ್ರಲ್ಲ ಮೇಡಂ? ಕಾಕಾನ ಗ್ವಾಡಿ!"

"ಗ್ವಾಡಿ ಆಗಲಿ, ಮತ್ತೊಂದಾಗಲಿ," ಎಂದರು ಡಾಕ್ಟರ್. "ಹೊಟ್ಟಿಗಿ ಹೋಗೋದು ನಿಂತ್ರ ಕರು ಬದುಕತದ. ನಿಲ್ಲಲಿಲ್ಲಂದ್ರ ನನ್ನ ಮದ್ದಿಗಿ ಶಕ್ತಿ ಇಲ್ಲ."

ಊರ ಹಿರಿಯರು ಕೂತು ಮಾತು ಮುಗಿಸಿದರು. ಎಂಟು ದಿನ ಅಂಗಡಿ ಬಂದ್. ಕರು ಚೇತರಿಸಿಕೊಂಡರೆ ಹಾಶಿಮ ಅಂಗಡಿಯನ್ನು ಊರ ಹೊರಗೆ ಸಾಗಿಸಬೇಕು. ಇಲ್ಲದಿದ್ದರೆ ಮರಿಲಿಂಗ ಅದೇ ಶಟರಿನ ಮುಂದೆ ನಿಂತು ತಪ್ಪಾಯ್ತು ಎನ್ನಬೇಕು. ಹಾಶಿಮ ತಕರಾರಿಲ್ಲದೆ ಬೀಗ ಹಾಕಿದ.

ಮರಿಲಿಂಗ ಗೋಡೆಯನ್ನು ತಾಡಪತ್ರಿಯಿಂದ ಮುಚ್ಚಿದ. ಬೆಳ್ಳಿಯನ್ನು ಬಿಚ್ಚಿ ಗೋಡೆಯಿಂದ ದೂರ, ಆಚೆ ತುದಿಯಲ್ಲಿ ಕೆಂದನ ಬಲಕ್ಕೆ ಕಟ್ಟಿದ. ನೀರು ಬದಲಿಸಿದ. ಮೇವು ತೊಳೆದ. ಮೇವು ತೊಳೆಯುವುದನ್ನು ಕಂಡು ಓಣಿಯವರು ನಕ್ಕರು, ಅವರೊಂದಿಗೂ ಜಗಳವಾಡಿದ.

ಬೆಳ್ಳಿ ಏಳುವ ಬದಲು ಇನ್ನಷ್ಟು ಕುಸಿಯಿತು. ಐದನೇ ದಿನಕ್ಕೆ ಮೈ ನಡುಗತೊಡಗಿತು.

"ಅಂಗಡಿ ಬಂದ್ ಇದ್ರೂ ಹೊಗಿ ನಿಂತಿಲ್ಲ," ಎಂದು ಮರಿಲಿಂಗ ತಾಯಿಯೆದುರು ಹಲ್ಲು ಕಡಿದ. "ನೋಡು, ಕೆಂದನ ಬಲಗೊಂಬು ಮತ್ತ ಬೋಳಾಗ್ಯಾದ."

ಎಂಟನೇ ದಿನ ಡಾಕ್ಟರ್ ಬರುವವರಿದ್ದರು. ಬಂದವರ ಮುಂದೆ ಎತ್ತು ಬೋಳು ಕೊಂಬು ಹೊತ್ತು ನಿಲ್ಲಬಾರದು. ಬೆಳಿಗ್ಗೆಯೇ ಡಬ್ಬಿ ತೆಗೆದು ಕೊಂಬಿಗೆ ಮತ್ತೊಂದು ಕೈ ಬಳಿದ.

ಡಾಕ್ಟರ್ ಬಂದರು. ಬೀಗದ ಕೈ ಕುಣಿಸುತ್ತ ಹಾಶಿಮನೂ ಬಂದ. ಡಾಕ್ಟರ್ ಕರುವಿನ ಕಣ್ಣು ಬಿಡಿಸಿ ನೋಡಿದರು, ತಾಡಪತ್ರಿ ಎತ್ತಿ ನೋಡಿದರು.

"ಅಂಗಡಿ ಬಂದ್, ಗ್ವಾಡಿ ಬಂದ್. ಆದ್ರೂ ಹೊಟ್ಟಿಗಿ ಹೋಗಾಕತ್ತದ."

"ಗಾಳಿ ಮ್ಯಾಗಿಂದ ಬರ್ತದ್ರಿ! ಈ ಕಾಕಾ..."

"ಬಾಯಿ ಬಂದ್ ಮಾಡೋದು ಒಂದು ಉಳದದ ನೋಡು," ಎಂದಳು ಹಣಮಮ್ಮ.

"ಎಲ್ಲಾರೂ ಸುಮ್ನ ಕೂಡ್ರಿ," ಎಂದರು ಡಾಕ್ಟರ್. "ಕರು ಏನು ಮಾಡ್ತದ ನೋಡೋಣ."

ನಾಲ್ವರೂ ಕೂತರು. ಕಾಲು ಗಂಟೆ ಕಳೆಯಿತು.

ಕೆಂದ ಮಲಗಿ ಮೆಲುಕು ಹಾಕುತ್ತಿತ್ತು. ಕಣ್ಣು ಕಾಣದ ಬೆಳ್ಳಿ ಮೂಸುತ್ತ ಮೂಸುತ್ತ ಅದರ ಮಗ್ಗುಲಿಗೆ ಸರಿಯಿತು. ತಾಯಿಯ ಕೆಚ್ಚಲೇ ಸಿಕ್ಕಿತೆನ್ನುವಂತೆ ಬಲಗೊಂಬಿಗೆ ನಾಲಿಗೆ ಹಚ್ಚಿ, ಬುಡದಿಂದ ತುದಿಯವರೆಗೆ ನೆಕ್ಕತೊಡಗಿತು.

"ಅವತ್ತು ಬ್ಯಾಟರಿ ಅಂದ ಕೂಡ್ಲೆ ಫೋನ್ ಇಟ್ಟಿ," ಡಾಕ್ಟರ್ ಮೆಲ್ಲಗೆ ಹೇಳಿದರು. "ನಾ ಹೇಳಬೇಕಿದ್ದ ಎರಡನೇ ಹೆಸರು, ಹಳೇ ಗೇಟಿನ ಕೆಂಪು ಬಣ್ಣ."